ಮೂತ್ರಕೋಶದ ಪಕ್ಕದ ಮನೆ

ನಿವೃತ್ತನಾದ ಮೇಲೆ ಇದನ್ನು ಹೇಳಲು ಇನ್ನೇನು ನಾಚಿಕೆ! ತೊಂಬತ್ತರ ದಶಕದಲ್ಲಿ ನಾನು ವಡೋದರದಿಂದ ಅಹಮದಾಬಾದಿಗೆ ದಿನಾ ರೈಲಿನಲ್ಲಿ ಹೋಗಿಬರುತ್ತಿದ್ದೆ. ಅಲ್ಲಿಯವರ ಬಾಯಲ್ಲಿ ಅದು 'ಅಪ್‌ಡೌನ್'. ಮೂತ್ರಕೋಶದ ನೋವು ಮಾತ್ರ ವರ್ಷಗಟ್ಟಲೆ ಬಿಟ್ಟಿರಲಿಲ್ಲ. ಪರೀಕ್ಷೆ ಮಾಡಿಸಿದರೆ ಸೋಂಕೂ ಇಲ್ಲ, ಕಲ್ಲೂ ಇಲ್ಲ. ಕೆಲಸ ಬಿಡುವುದೇ ಸರಿ ಅಂದುಕೊಂಡಿದ್ದಾಗ ಹೊಸ ಡಾಕ್ಟರಮ್ಮ ಕೇಳಿದರು: "ಕಾಕಾ, ದಿನಾ ಹೊಟ್ಟೆ ಸಾಫಾಗುತ್ತಾ?"

ನನಗೆ ರೇಗಿತು. "ಮೇಡಂ, ನೋವಿರೋದು ಮುಂದೆ!"

ಜೊತೆಗಿದ್ದ ನನ್ನವಳು ಬಿಟ್ಟಾಳೆಯೇ? "ಎಲ್ಲಿ ಆಗುತ್ತೆ? ರೈಲು ತಪ್ಪುತ್ತೆ ಅಂತ ತಡ್ಕೊಂಡೇ ಓಡ್ತಾರೆ. ಮೂತ್ರ ಹೋಗುವಾಗ ಉರಿಯುತ್ತೆ ಅಂತ ನೀರೂ ಕುಡಿಯಲ್ಲ. ರೈಲು ಹತ್ತಿದರೆ ಕಡಲೆಹಿಟ್ಟಿನ ಕರಿದ ತಿಂಡಿ, ಆ ಗಾಠಿಯಾ!" ಎಂದು ಹರಕು ಹಿಂದಿಯಲ್ಲಿ ಎಲ್ಲ ಒದರಿದಳು.

ಡಾಕ್ಟರಮ್ಮ ನಕ್ಕರು. "ಹಳೇ ಅಹಮದಾಬಾದಿನ ಮನೆಗಳ ಹಾಗೆ ಮೂತ್ರಕೋಶ, ಮಲದ ಕರುಳು ಎರಡೂ ಒತ್ತೊತ್ತಾಗಿವೆ, ಕಾಕಾ. ಒಂದರಲ್ಲಿ ಸಾಮಾನು ತುಂಬಿದರೆ ಪಕ್ಕದ ಮನೆಯೂ ಒದ್ದಾಡುತ್ತೆ."

ಹೊಟ್ಟೆ ಸಾಫಾಗಲು ಇಸಬಗೋಲು, ಸಾಕಷ್ಟು ನೀರು, ಬೆಳಿಗ್ಗೆ ಅವಸರವಿಲ್ಲದ ಸ್ವಲ್ಪ ಹೊತ್ತು. ಕೆಲವೇ ವಾರಗಳಲ್ಲಿ ನೋವು ಅರ್ಧಕ್ಕಿಳಿಯಿತು! ಕೆಲಸವೂ ಉಳಿಯಿತು. ಖುಷಿ ತಡೆಯಲಾರದೆ ಅಪ್‌ಡೌನ್ ಗೆಳೆಯರಿಗೆಲ್ಲ ಕಾರಣಸಮೇತ ಹೇಳಿಬಿಟ್ಟೆ. ಇಡೀ ಬೋಗಿ ಚಪ್ಪಾಳೆ ತಟ್ಟಿತು. ಅಭಿನಂದನೆಗೆಂದು ಅವರು ನನ್ನ ಕೈಗಿತ್ತದ್ದು ಮಾತ್ರ ಒಂದು ದೊಡ್ಡ ಪೊಟ್ಟಣ ಗಾಠಿಯಾ.