ನಲವತ್ತು ಕುದುರೆ ಮತ್ತು ಗಂಗಕ್ಕನ ಭಾರ

ಹೋದ ವಾರ ನಡುದಾರಿಯಲ್ಲಿ ಒಬ್ಬ ಹೆಣ್ಣುಮಗಳನ್ನು ಕಾರಿನಿಂದ ಇಳಿಸಿದೆ. ಆಕೆ ನನ್ನ ಹೆಂಡತಿಯ ಅಕ್ಕ. ಕಾರಣ? ಆಕೆ ದಪ್ಪಗಿದ್ದಾರೆ.

ಇಷ್ಟಕ್ಕೇ ಪತ್ರಿಕೆ ಮಡಚಿಡಬೇಡಿ. ಮುಂದಿನದು ಇನ್ನೂ ಕೆಟ್ಟದಾಗಿದೆ.

ಆ ಅಕ್ಕ, ಆಲಮೇಲದ ಗಂಗಕ್ಕ. ಅವರ ಮಗಳನ್ನು ಮುದ್ದೇಬಿಹಾಳಕ್ಕೆ ಕೊಟ್ಟಿದೆ. ಅವಳಿಗೆ ಚೊಚ್ಚಲ ಬಸಿರು. ಕುಬಸದ, ಅಂದರೆ ಸೀಮಂತದ ದಿನ ತಾಯಿ ಬುತ್ತಿ ಕಟ್ಟಿಕೊಂಡು, ಹಸಿರು ಸೀರೆ, ಬಳೆ ಹಿಡಿದುಕೊಂಡು ಬೀಗರ ಮನೆಗೆ ಹೋಗಬೇಕು. “ಅಕ್ಕಾರ, ಬಸ್ಸಿನ್ಯಾಗ ಯಾಕ ಒದ್ದಾಡ್ತೀರಿ? ಸಿಂದಗಿಗೆ ಬರ್ರಿ, ನನ್ನ ಕಾರಿನ್ಯಾಗ ಹೋಗೂಣು” ಎಂದವನು ನಾನೇ. ಸಿಂದಗಿಯ ವಕೀಲ ನಾನು. ಸೆಕೆಂಡ್ ಹ್ಯಾಂಡ್ ಕಾರು ಕೊಂಡದ್ದು ಮೊನ್ನೆ ಮೊನ್ನೆ. ನಾಲ್ಕು ಜನರಿಗೆ ತೋರಿಸಬೇಡವೇ?

ದಾರಿಯುದ್ದಕ್ಕೂ ಎಂಜಿನ್ನಿನದೇ ವರ್ಣನೆ. ನಲವತ್ತು ಹಾರ್ಸ್ ಪವರ್! ನಲವತ್ತು ಕುದುರೆ! ಹಿಂದಿನ ಸೀಟಿನಲ್ಲಿ ಬುತ್ತಿಯ ಬುಟ್ಟಿ ತೊಡೆಯ ಮೇಲಿಟ್ಟುಕೊಂಡ ಗಂಗಕ್ಕ ಎಲ್ಲದಕ್ಕೂ “ಹೌದ್ರಿ?” ಎಂದು ಬೆರಗಾಗುತ್ತಿದ್ದರು.

ಮುದ್ದೇಬಿಹಾಳ ಇನ್ನೇನು ಬಂತು ಎನ್ನುವಾಗ ಒಂದು ಹಳ್ಳ, ಹಳ್ಳದಾಚೆ ಕಡಿದಾದ ಏರು. ನಾನು ಥರ್ಡ್ ಗೇರಿನಲ್ಲೇ ನುಗ್ಗಿಸಿದೆ. (ಗೇರು ಇಳಿಸಿದರೆ ಪೆಟ್ರೋಲು ಹೆಚ್ಚು ಕುಡಿಯುತ್ತದಲ್ಲ. ಈಗಿನ ಪೆಟ್ರೋಲಿನ ದರ ನಿಮಗೂ ಗೊತ್ತು.) ಅರ್ಧಕ್ಕೆ ಬರುವಷ್ಟರಲ್ಲಿ ಎಂಜಿನ್ ಗೊರಗೊರ ಅಂದಿತು. ಸ್ಟೀರಿಂಗು ನಡುಗಿತು.

“ಗೇರ ಬದಲ ಮಾಡ್ರೀ” ಎಂದಳು ಪಕ್ಕದಲ್ಲಿದ್ದ ನನ್ನ ಹೆಂಡತಿ ಕಸ್ತೂರಿ.

“ನಿನಗೇನ ಗೊತ್ತಾಗತೈತಿ? ಸುಮ್ನ ಕೂಡು.”

ಎಂಜಿನ್ನೇ ಸುಮ್ಮನಾಯಿತು. ಗಾಡಿ ಹಿಂದಕ್ಕೆ ಜಾರಿತು. ಬ್ರೇಕ್ ಒತ್ತಿ ಹಿಡಿದೆ. ಆಗ ನನ್ನ ಬಾಯಿಂದ ಬಂದ ಮಾತು: “ಅಕ್ಕಾರ, ಭಾರ ಭಾಳ ಆಗೇತಿ. ನೀವೊಬ್ರು ಇಳದ್ರ ಗಾಡಿ ಹಗರ ಆಗತೈತಿ.”

ನೀವೊಬ್ಬರು! ಗಂಗಕ್ಕ ಬುತ್ತಿಯ ಬುಟ್ಟಿಯನ್ನು ಸೀಟಿನ ಮೇಲಿಟ್ಟು ಇಳಿದರು. ಕಸ್ತೂರಿ ನನ್ನ ಮುಖವನ್ನೊಮ್ಮೆ ನೋಡಿ, ಬಾಗಿಲು ಬಡಿದು ತಾನೂ ಇಳಿದಳು.

ನಿಂತ ಗಾಡಿಯನ್ನು ಹೊರಡಿಸಲು ಫಸ್ಟ್ ಗೇರ್ ಹಾಕಲೇಬೇಕು. ಹಾಕಿದೆ. ಗಾಡಿ ಎಷ್ಟು ಸಲೀಸಾಗಿ ಏರಿತೆಂದರೆ, ಇನ್ನೂ ಇಬ್ಬರು ಗಂಗಕ್ಕಂದಿರು ಕೂತಿದ್ದರೂ ಏರುತ್ತಿತ್ತು. ಏರು ಮುಗಿಯುವ ಮೊದಲೇ ನನಗದು ಗೊತ್ತಾಗಿತ್ತು.

ಸಂಗತಿ ಸರಳ. ಜೋಳ ತುಂಬಿದ ಬೀಸುಕಲ್ಲಿನ ಗೂಟ ಹಿಡಿದು ತಿರುವಲು ಹಾಕುವ ಬಲವೇ ಟಾರ್ಕ್. ಆ ಬಲ, ಅದರಿಂದ ಎಷ್ಟು ಬೇಗ ಬೇಗ ತಿರುವುತ್ತೀರೋ ಆ ವೇಗ, ಎರಡೂ ಸೇರಿದರೆ ಹಾರ್ಸ್ ಪವರ್. ಟಾರ್ಕಿಗೂ ಹಾರ್ಸ್ ಪವರಿಗೂ ಹೀಗೆ ನಂಟಿದೆ. ಎಂಜಿನ್ ಜೋರಾಗಿ ತಿರುಗಿದಾಗ ಮಾತ್ರ ನಲವತ್ತೂ ಕುದುರೆ ಹೊರಬರುತ್ತವೆ. ನಿಧಾನವಾದರೆ ನಾಲ್ಕೈದು ಸಿಕ್ಕರೆ ಹೆಚ್ಚು. ಫಸ್ಟ್ ಗೇರ್ ಎಂಜಿನ್ನನ್ನು ಜೋರಾಗಿ ತಿರುಗಲು ಬಿಡುತ್ತದೆ, ಗಾಲಿಗೆ ಮುಟ್ಟುವ ಟಾರ್ಕನ್ನು ಹಲವು ಪಟ್ಟು ಮಾಡುತ್ತದೆ. ಗಾಡಿ ಓಡುವುದು ನಿಧಾನ, ಎಳೆಯುವುದು ಗಟ್ಟಿ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಹಾರ್ಸ್ ಪವರಿನ ಕೆಳಗೇ ಟಾರ್ಕಿನ ಅಂಕಿಯೂ ಇದೆ. ಜಂಬಕ್ಕೆ ಮೊದಲನೆಯದು ಸಾಕಾಗಿತ್ತು. ಎರಡನೆಯದನ್ನು ಯಾರು ಓದುತ್ತಾರೆ?

ಏರಿನ ತುದಿಯಲ್ಲಿ ಕಾರು ನಿಲ್ಲಿಸಿ ಕಾದೆ. ಅಷ್ಟರಲ್ಲಿ ಬೀಗರ ಕಡೆಯ ಹೆಂಗಸರನ್ನು ತುಂಬಿಕೊಂಡ ಟ್ರ್ಯಾಕ್ಟರ್ ಬಂತು. ಉರಿಬಿಸಿಲಲ್ಲಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನಡೆಯುತ್ತಿದ್ದ ಗಂಗಕ್ಕನನ್ನು ಕಂಡು, “ಅಯ್ಯ, ನಮ್ಮ ಬೀಗತಿ ಕಾರಿನ ಹಿಂದ ನಡ್ಕೊಂತ ಹೊಂಟಾಳ ನೋಡ್ರೆವಾ!” ಎಂದು ಯಾರೋ ಕೂಗಿದರು. ಟ್ರ್ಯಾಕ್ಟರ್ ತುಂಬ ನಗು.

ಗಂಗಕ್ಕ ಏದುಸಿರು ಬಿಡುತ್ತ ಬಂದು, “ನನ್ನಿಂದ ನಿಮಗ ತ್ರಾಸ ಆತ್ರಿ ವಕೀಲರ” ಎಂದರು.

ನಾನೇನು ಹೇಳಿದೆ ಗೊತ್ತೇ? “ಇರ್ಲಿ ಬಿಡ್ರಿ ಅಕ್ಕಾರ.” ಅಂದರೆ, ನಾನು ಅವರನ್ನು ಕ್ಷಮಿಸಿದೆ!

ಕುಬಸದ ಮನೆಗೆ ನಮಗಿಂತ ಮೊದಲೇ ಸುದ್ದಿ ಮುಟ್ಟಿತ್ತು. ಊಟದ ಪಂಕ್ತಿಯಲ್ಲಿ ಬೀಗರು, “ಬೀಗತಿಗಿ ಇನ್ನೊಂದು ಹೋಳಿಗಿ ನೀಡ್ರಿ, ಕಾರು ಹ್ಯಾಂಗೂ ಆಕಿನ್ನ ಬಿಟ್ಟ ಹೋಗತೈತಿ” ಎಂದು ಚೇಷ್ಟೆ ಮಾಡಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಗಂಗಕ್ಕನೂ ನಕ್ಕರು. ಆದರೆ ಎಲೆಯ ಮೇಲೆ ಕೈ ಅಡ್ಡ ಹಿಡಿದು, “ಸಾಕ್ರೀ” ಎಂದರು. ಬಸುರಿ ಮಗಳು ತಾಯಿಯನ್ನು ನೋಡಿ ತಲೆ ತಗ್ಗಿಸಿದಳು. ತನ್ನ ಮಗಳ ಕುಬಸದಲ್ಲಿ ತಾಯಿ ಅರ್ಧ ಹೊಟ್ಟೆಯಲ್ಲಿ ಎದ್ದರು.

ಹೊರಡುವಾಗ ಗಂಗಕ್ಕ ಕಾರಿನ ಹತ್ತಿರ ಬರಲಿಲ್ಲ. “ನಾ ಬಸ್ಸಿಗೆ ಬರ್ತೇನಿ. ಹಳ್ಳದ ಆಚಿ ಕಡೆನೂ ಏರು ಐತಲ್ರಿ.”

ಆಗ ತಡೆಯಲಾಗಲಿಲ್ಲ. ಬೀಗರೆಲ್ಲ ನಿಂತಿದ್ದಾಗಲೇ ಹೇಳಿದೆ: “ಅಕ್ಕಾರ, ತಪ್ಪು ನಿಮ್ಮ ಭಾರದ್ದಲ್ಲ. ನಾ ಹಾಕಿದ ಗೇರ ತಪ್ಪು. ನೀವು ಕುಂತಿದ್ರೂ ಗಾಡಿ ಏರತಿತ್ತು.”

ಗಂಗಕ್ಕನ ಕಣ್ಣು ತುಂಬಿ ಬಂತು. “ನನ್ನ ಮನಸ್ಸಿಗೆ ಹತ್ತಬಾರದಂತ ಹಿಂಗ ಹೇಳ್ತೀರಿ. ದೊಡ್ಡ ಮನಸ್ಸರಿ ನಿಮ್ಮದು.” ಕೈ ಮುಗಿದು ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟರು. ಬೀಗರೂ ತಲೆದೂಗಿದರು.

ಕಾರಿನಲ್ಲಿ ಕಸ್ತೂರಿ ಒಂದೇ ಮಾತಾಡಿದಳು: “ಏರಿನ ಮ್ಯಾಲೇ ಹೇಳಿದ್ರ ಅಕ್ಕ ನಂಬತಿದ್ಲು.”

ಗಂಗಕ್ಕ ಈ ಅಂಕಣವನ್ನು ತಪ್ಪದೆ ಓದುತ್ತಾರೆ. ಇದನ್ನೂ ಓದಿ, ಮತ್ತೆ “ದೊಡ್ಡ ಮನಸ್ಸು” ಎಂದುಬಿಟ್ಟರೆ ನಾನು ಎಲ್ಲಿ ಮುಖ ಇಟ್ಟುಕೊಳ್ಳಲಿ?