ನಂಜೇಗೌಡರ ನಾಲಿಗೆ

ನನ್ನ ಗಂಡನ ಅಣ್ಣ, ನಮ್ಮ ಭಾವ ನಂಜೇಗೌಡರ ನಾಲಿಗೆಗೆ ಮಲ್ಲಿಪಟ್ಟಣದ ಸುತ್ತೆಲ್ಲ ಮರ್ಯಾದೆಯಿತ್ತು. ಉಳಿದ ಮೈಗೆ ಅಷ್ಟಿರಲಿಲ್ಲ. ಯಾರ ಮನೆ ಬೀಗರೂಟವಾಗಲಿ, ಕುದಿಯುವ ಬಾಡಿನ ಸಾರಿಗೆ ಉಪ್ಪು ಸಾಕೋ ಬೇಕೋ ಎಂದು ಹೇಳಬೇಕಾದವರು ಅವರೇ. ಅಡುಗೆಯವನು ಸೌಟಿನಿಂದ ಅಂಗೈಗೆ ತೊಟ್ಟು ಬಿಡುತ್ತಿದ್ದ. ಇವರು ನೆಕ್ಕಿ, ಕಣ್ಣು ಮುಚ್ಚಿ, ಮದುವೆ ಮುರಿಯಲು ಬಂದವರ ಹಾಗೆ ಮುಖ ಮಾಡಿ, ಆಮೇಲೆ "ಇನ್ನೊಂದ್ ಹಿಡಿ ಬುಡ್ಲಾ" ಎನ್ನುತ್ತಿದ್ದರು. ಅವರು ಹೂಂ ಅನ್ನುವವರೆಗೆ ಎಲೆ ಹಾಕುವಂತಿರಲಿಲ್ಲ.

ಒಂದು ಸಲ ಒಲೆಯ ಮುಂದೆಯೇ ತಲೆ ಸುತ್ತಿ ಕುಸಿದರು. ಅರಕಲಗೂಡಿನ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ನೋಡಿ, ಬೀಪಿ ಏರಿದೆ, ಮಾತ್ರೆ ನುಂಗಿ, ಉಪ್ಪು ಇಳಿಸಿ, ಬೀಡಿ ಬಿಡಿ, ದಿನಾ ನಡೀರಿ, ಇಲ್ಲದಿದ್ದರೆ ಲಕ್ವ ಹೊಡೆದು ಬಾಯಿ ಸೊಟ್ಟಗಾದೀತು ಎಂದರು. ಸಾವಿಗೆ ಹೆದರದ ಮನುಷ್ಯ ಇದಕ್ಕೆ ಹೆದರಿದರು.

"ಬಾಯೇ ಸೊಟ್ಟಗಾದ್ರೆ ನಾಲಿಗೆ ಇಟ್ಕಂಡು ಏನ್ ಮಾಡ್ಲಿ, ನಿಂಗವ್ವ?"

ಅವರ ಹೆಂಡತಿ ತೀರಿಕೊಂಡಿದ್ದರಿಂದ ಅಡುಗೆ ನನ್ನ ಕೈಯದೇ. ಅವರ ಪಾಲಿನ ಸಾರು ಮೊದಲೇ ತೆಗೆದು ಚಿಟಿಕೆ ಉಪ್ಪು ಹಾಕಿಟ್ಟು, ಆಮೇಲೆ ನಮ್ಮದಕ್ಕೆ ಹಾಕುತ್ತಿದ್ದೆ. ಮೊದಮೊದಲು ವಿಷ ಇಕ್ಕಿದವಳನ್ನು ನೋಡುವ ಹಾಗೆ ನೋಡುತ್ತಿದ್ದರು. ಹಪ್ಪಳ ಬಿಟ್ಟರು, ಬೀಡಿ ಬಿಟ್ಟರು, ಬೆಳಗಾದರೆ ಕೆರೆ ಏರಿ ಮೇಲೆ ನಡೆದರು. ಬೀಪಿ ಇಳಿಯಿತು.

ಆ ಹೊತ್ತಿಗೆ ನನ್ನ ತಮ್ಮನ ಮಗನ ಮದುವೆಯಾಗಿ ಬೀಗರೂಟ ಬಂತು. ಭಾವ ನೆಕ್ಕಿದರು, ಉಗಿದರು.

"ಸಮುದ್ರ ಕಣ್ಲಾ ಇದು! ನೀರುಯ್ಯಿ!"

"ಗೌಡ್ರೆ, ಇನ್ನೂ ಅರ್ಧ ಉಪ್ಪೂ ಆಕಿಲ್ಲ" ಎಂದ ಅಡುಗೆಯವನು.

"ನಂಗೇಳ್ಕೊಡ್ತೀಯೇನ್ಲಾ?"

ನೀರು ಬಿತ್ತು. ಬೀಗರು ಮೊದಲ ತುತ್ತಿಗೇ ಮುಖ ಮುಖ ನೋಡಿಕೊಂಡರು. ಅವರಲ್ಲೊಬ್ಬ ಮುದುಕ ಜೋರಾಗಿಯೇ ಕೇಳಿದ: "ಏನ್ರಪ್ಪಾ, ಬೀಗ್ರೂಟುಕ್ ಕರ್ದ್ರಾ, ಆಸ್ಪತ್ರೆಗ್ ಸೇರುಸ್ಕಂಡ್ರಾ?"

ನಾನು ಉಪ್ಪಿನ ಬಟ್ಟಲು ಹಿಡಿದು ಸಾಲು ಸಾಲಿಗೆ ಓಡಿದೆ.

ಮನೆಗೆ ಬಂದ ಭಾವ ಸೀದಾ ಉಪ್ಪಿನಕಾಯಿ ಜಾಡಿಗೆ ಕೈ ಹಾಕಿದರು. "ನಾಲಿಗೆ ಕೆಟ್ಟೋಯ್ತು ಕಣವ್ವ. ತಿರ್ಗಾ ಪಳಗುಸ್ಬೇಕು."

"ಕೆಟ್ಟಿಲ್ಲ, ವಾಸಿ ಆಗ್ಯದೆ. ಬೀಗ್ರೂಟದ್ ಗೌಡ್ಕೆ ಬೇಕಾ, ಇನ್ನೊಂದಷ್ಟ್ ವರ್ಸ ಬೇಕಾ? ಒಂದೇಳಿ."

ಜಾಡಿಯಿಂದ ಕೈ ತೆಗೆದು ಮುಚ್ಚಳ ಹಾಕಿದರು. "ಅಂಗಾರೆ ಇನ್ಮೇಲೆ ನೀನೇ ನೆಕ್ಕು" ಎಂದು ಕೈ ತೊಳೆದರು. ಅಲ್ಲಿಂದ ಮುಂದೆ ಒಲೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂರುವುದು ಅವರು, ನೆಕ್ಕುವುದು ನಾನು. ನಾನು ಸಾಕು ಎಂದರೆ ಅವರು "ಸಾಕಂತೆ, ಎಲೆ ಆಕ್ರಲಾ" ಎಂದು ಕೂಗುತ್ತಿದ್ದರು. ಆ ಅಪ್ಪಣೆ ಮಾತ್ರ ಬಿಟ್ಟುಕೊಡಲಿಲ್ಲ.

ಹೋದ ಚಳಿಗಾಲ ನಿದ್ದೆಯಲ್ಲೇ ಹೋದರು. ವಯಸ್ಸಾಗಿತ್ತು. ಬಾಯಿ ನೆಟ್ಟಗೇ ಇತ್ತು, ನಾನೇ ನೋಡಿದೆ.

ಹಾಲುತುಪ್ಪದ ದಿನ ಚನ್ನರಾಯಪಟ್ಟಣದಿಂದ ಬಂದಿದ್ದ ಭಾವನ ಮಗಳು ಮಣ್ಣು ಮಾಡಿದ ಗುಡ್ಡೆಯ ಮೇಲೆ ಮುದ್ದೆ, ಸಾರು ಎಡೆಯಿಟ್ಟಳು. ಕಾಗೆ ಮುಟ್ಟದೆ ಯಾರೂ ಉಣ್ಣುವಂತಿಲ್ಲ. ಕಾಗೆಗಳು ಬೇಲಿ ಮೇಲೆ ಕೂತವೇ ಹೊರತು ಇಳಿಯಲಿಲ್ಲ.

"ಅಪ್ಪಂಗೆ ಏನೋ ಆಸೆ ಉಳ್ಕಂಡದೆ, ಚಿಕ್ಕವ್ವ" ಎಂದು ಅಳತೊಡಗಿದಳು.

"ಯಾವ್ ಸಾರಿಟ್ಟೆ?"

"ಎಲ್ರಿಗೂ ಮಾಡಿದ್ದೇ."

ಬೆಳಿಗ್ಗೆ ರೂಢಿ ತಪ್ಪದೆ ಅವರ ಪಾಲು ಬೇರೆ ತೆಗೆದಿಟ್ಟಿದ್ದೆ. ಮನೆಗೆ ಹೋಗಿ ಆ ಚಿಟಿಕೆ ಉಪ್ಪಿನ ಸಾರನ್ನೇ ತಂದು ಸುರಿದೆ. ಒಂದು ಕಾಗೆ ಇಳಿಯಿತು, ಕೊಕ್ಕು ಅದ್ದಿತು, ಕತ್ತೆತ್ತಿ ಕಣ್ಣು ಮುಚ್ಚಿತು.

"ಸಾಕಂತೆ" ಎಂದೆ, "ಎಲೆ ಆಕ್ರಿ."