ನೆಲ ಮರೆತ ಕಾಲು

ಅವನಿಗೆ ಕೊಕ್ಕರೆ ಅಂತ ಹೆಸರು ಬಿದ್ದದ್ದು ಶಾಲೆಯಲ್ಲಿ. ಮೈಗಿಂತ ಮೊದಲು ಕಾಲೇ ಬೆಳೆದುಬಿಟ್ಟ ಹುಡುಗ. ಬೆಂಚಿನ ಕೆಳಗೆ ಹಿಡಿಸದೆ ಆ ಕಾಲುಗಳು ಯಾವಾಗಲೂ ಓಡಾಡುವ ದಾರಿಗೆ ಚಾಚಿಕೊಂಡಿರುತ್ತಿದ್ದವು, ಮೇಷ್ಟ್ರು ಎಡವುತ್ತಿದ್ದರು. ಹೆಸರಿಟ್ಟವರೆಲ್ಲ ಎಲ್ಲೆಲ್ಲೋ ಚದುರಿಹೋದರೂ ಹೆಸರು ಮಾತ್ರ ಬೆನ್ನು ಬಿಡಲಿಲ್ಲ. ಅವನಿಗೂ ಅದರಿಂದ ಬೇಜಾರಿರಲಿಲ್ಲ. ಎಂಥ ಎತ್ತರದ ಬೈಕಿನ ಮೇಲೆ ಕೂತರೂ ಎರಡೂ ಅಂಗಾಲು ಪೂರ್ತಿ ನೆಲಕ್ಕೆ ತಾಗುತ್ತಿದ್ದದ್ದು ಆ ಬೀದಿಯಲ್ಲಿ ಅವನೊಬ್ಬನಿಗೇ. ಮದುವೆಯಾದ ಹೊಸತರಲ್ಲಿ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೊರಟಾಗ, "ಹೆದರ್ಬೇಡ, ನಾನು ಕಾಲೂರಿದ್ರೆ ಕಂಬ ನೆಟ್ಟ ಹಾಗೆ" ಎಂದು ಜಂಬ ಕೊಚ್ಚಿದ್ದ. ಅವಳು ನಂಬಿದಳು. ಮುಂದೆ ಎಷ್ಟೋ ವರ್ಷ ಆ ನಂಬಿಕೆ ಸುಳ್ಳಾಗಲಿಲ್ಲ.

ಗ್ಯಾರೇಜಿನಲ್ಲಿ ಗಾಡಿ ರಿಪೇರಿ ಮಾಡಿಕೊಂಡಿದ್ದವನನ್ನು ಎಲೆಕ್ಟ್ರಿಕ್ ಬೈಕ್ ಮಾಡುವ ಕಂಪನಿಯೊಂದು ಕೆಲಸಕ್ಕೆ ತೆಗೆದುಕೊಂಡಿತು. ಹೊಸ ಗಾಡಿಗಳನ್ನು ಓಡಿಸಿ ನೋಡುವುದು ಕೆಲಸ. ಅದು ಸಾಮಾನ್ಯ ಗಾಡಿಯಲ್ಲ, ತಾನಾಗಿಯೇ ನಿಲ್ಲುವ ಗಾಡಿ. ಸೀಟಿನ ಕೆಳಗೊಂದು ಉಕ್ಕಿನ ಡಬ್ಬಿ, ಅದರೊಳಗೆ ಊಟದ ತಟ್ಟೆಯಷ್ಟಗಲದ ಎರಡು ದಪ್ಪ ಚಕ್ರ. ಗಾಡಿ ಶುರುವಾದೊಡನೆ ಅವು ಕೀರಲು ದನಿ ತೆಗೆದು ಕಣ್ಣಿಗೆ ಸಿಗದ ಹಾಗೆ ಸುತ್ತುತ್ತಿದ್ದವು. ಜೋರಾಗಿ ತಿರುಗುವ ಬುಗುರಿಯನ್ನು ಬೆರಳಲ್ಲಿ ತಳ್ಳಿದರೆ ಬೀಳದೆ ಹಟ ಮಾಡುತ್ತದಲ್ಲ, ಅದೇ ಹಟ. ಗಾಡಿ ಎಡಕ್ಕೆ ವಾಲಿತೋ, ಆ ಚಕ್ರಗಳನ್ನು ಹಿಡಿದ ಚೌಕಟ್ಟು ಹೊರಳಿ ಅದನ್ನು ಎತ್ತಿ ನೆಟ್ಟಗೆ ನಿಲ್ಲಿಸುತ್ತಿತ್ತು. ಸ್ಟ್ಯಾಂಡ್ ಬೇಡ, ಕಾಲು ಬೇಡ. ಸಿಗ್ನಲ್ಲಿನಲ್ಲಿ ಕೈಕಟ್ಟಿಕೊಂಡು ಕೂರಬಹುದು.

ತೊಂದರೆ ಕೊಟ್ಟದ್ದು ಕೊಕ್ಕರೆಯ ಕಾಲು. ಗಾಡಿ ನಿಂತಿತೆಂದರೆ ಎಡಗಾಲು ಯಾರಪ್ಪನ ಮಾತೂ ಕೇಳದೆ ನೆಲಕ್ಕಿಳಿಯುತ್ತಿತ್ತು. ಕಾಲು ತಾಗಿದರೆ ನಿಲ್ಲಿಸಿದ್ದು ಚಕ್ರವೋ ಕಾಲೋ ಎಂದು ಹೇಳುವುದು ಹೇಗೆ? ಅಷ್ಟು ಹೊತ್ತಿನ ಪರೀಕ್ಷೆ ದಂಡ. ಇಂಜಿನಿಯರ್ ಮೇಡಂ ಒಳ್ಳೆಯ ಹೆಂಗಸು, ಬೈಯುತ್ತಿರಲಿಲ್ಲ. "ಗಾಡಿ ಸರಿಯಾಗಿದೆ ಅಣ್ಣಾ, ನಿಮ್ಮ ಕಾಲೇ ಸರಿಯಿಲ್ಲ" ಎನ್ನುತ್ತಿದ್ದಳು. ಕೊನೆಗೆ ಅವನ ಶೂ ಅಟ್ಟೆಯೊಳಗೆ, ಗಾಡಿ ಚಾಲೂ ಇದ್ದಾಗ ಮಾತ್ರ ಸದ್ದು ಮಾಡುವ ಒಂದು ಒತ್ತುಗುಂಡಿ ಕೂರಿಸಿದಳು. ನಿಂತ ಗಾಡಿಯಿಂದ ಕಾಲು ಕೆಳಗೆ ಬಂದರೆ ಶೂ ಕೀಂ ಎಂದು ಕೂಗುತ್ತಿತ್ತು, ಇಡೀ ಶೆಡ್ಡು ನಗುತ್ತಿತ್ತು. ಅದೂ ಸಾಲದಾದಾಗ ಪಟ್ಟಿಯಿಂದ ಪಾದವನ್ನು ಫುಟ್‌ರೆಸ್ಟಿಗೇ ಬಿಗಿದರು. ಗಾಡಿ ಬಿದ್ದರೆ ಕಾಲೂರಲೂ ಆಗದಲ್ಲ ಎಂದು ಅವನಿಗೆ ಹೆದರಿಕೆಯಾಗುತ್ತಿತ್ತು. ಆದರೂ ನಗೆಪಾಟಲಾಗುವುದಕ್ಕೆ ನಾಚಿ ದಿನಾ ಕಟ್ಟಿಸಿಕೊಂಡ. ತಿಂಗಳುಗಟ್ಟಲೆ ಹೀಗೆ ನಡೆದು, ಒಂದು ದಿನ ಪಟ್ಟಿ ಬಿಚ್ಚಿದರೂ ಕಾಲು ಅಲುಗಲಿಲ್ಲ. ಮೇಡಂ ಶೆಡ್ಡಿಗೆಲ್ಲ ಟೀ ಕೊಡಿಸಿದಳು.

ಸಂಜೆ ಮನೆಗೆ ಬಂದು ಹೆಂಡತಿಗೆ ಹೇಳಿದ. ಅವಳು ಕಿಟಕಿಯ ಪಕ್ಕ ಹೊಲಿಗೆ ಮಿಷನ್ನು ತುಳಿಯುತ್ತ ಕೂತಿದ್ದಳು. ಆ ಓಣಿಯ ಮಕ್ಕಳ ಶಾಲೆಯ ಯೂನಿಫಾರ್ಮೆಲ್ಲ ಅವಳ ಕೈಯಿಂದಲೇ ಹೋಗಬೇಕು.

"ನನ್ನ ಕಾಲು ನೆಲಾನ ಮರ್ತುಬಿಡ್ತು ಕಣೇ."

"ಮರೆಯೋದೂ ಒಂದು ಕೆಲಸಾನಾ? ಅದಕ್ಕೂ ಸಂಬಳ ಕೊಡ್ತಾರಾ?" ಎಂದಳು ಅವಳು, ತುಳಿಯುವುದನ್ನು ನಿಲ್ಲಿಸದೆ. ಇಬ್ಬರೂ ನಕ್ಕರು. ಆ ನಗು ನೆನಪಾದರೆ ಈಗ ಅವನಿಗೆ ಅನ್ನ ಇಳಿಯುವುದಿಲ್ಲ.

ಮನೆಯಲ್ಲಿದ್ದದ್ದು ಮಾತ್ರ ಅದೇ ಹಳೆಯ ಪೆಟ್ರೋಲ್ ಬೈಕು. ಕೆಲಸಕ್ಕೆ ಕಂಪನಿ ಬಸ್ಸು ಇದ್ದದ್ದರಿಂದ ಅದು ಹೊರಬೀಳುತ್ತಿದ್ದದ್ದೇ ಅಪರೂಪ. ಒಂದು ಭಾನುವಾರ ಯೂನಿಫಾರ್ಮಿನ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಹಿಂದೆ ಎರಡೂ ಕಾಲನ್ನು ಎಡಬದಿಗೆ ಹಾಕಿ ಕೂತಳು. ದೊಡ್ಡ ರಸ್ತೆಯ ಸಿಗ್ನಲ್ಲಿಗೆ ಕೆಂಪು ಬಿತ್ತು. ಕೊಕ್ಕರೆ ಬ್ರೇಕು ಹಿಡಿದ. ಭುಜ ಸಡಿಲ, ಕೈ ಹಗುರ, ಎರಡೂ ಪಾದ ಫುಟ್‌ರೆಸ್ಟಿನ ಮೇಲೆ. ಕಣ್ಣುರೆಪ್ಪೆ ಬಡಿಯುವಷ್ಟು ಹೊತ್ತು ಗಾಡಿ ನಿಂತೂ ನಿಂತಿತು. ಆಮೇಲೆ ಎಡಕ್ಕೆ ವಾಲತೊಡಗಿತು. ಆಗಲೂ ಸಮಯವಿತ್ತು. ಅವನು ಕಾದ. ಸೀಟಿನ ಕೆಳಗಿನ ಚಕ್ರ ಈಗ ಹೊರಳುತ್ತದೆ, ಈಗ ಎತ್ತಿ ನಿಲ್ಲಿಸುತ್ತದೆ ಎಂದು, ಆ ಗಾಡಿಯಲ್ಲಿ ಇಲ್ಲವೇ ಇಲ್ಲದ ಚಕ್ರಕ್ಕಾಗಿ ಕಾದ. ಎಡಗಡೆ ನೀರಿನ ಟ್ಯಾಂಕರೊಂದು ಆಮೆಯ ಹಾಗೆ ತೆವಳುತ್ತಿತ್ತು. ಬೈಕು ಆ ಕಡೆಗೇ ಬಿತ್ತು. ಟ್ಯಾಂಕರಿನ ಹಿಂದಿನ ಗಾಲಿ ಅವಳ ಪಾದದ ಮೇಲೆ ಹತ್ತಿ ಇಳಿಯಿತು.

ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಅತ್ತೆ ಬಂದು ಆಸ್ಪತ್ರೆಯಲ್ಲಿ ಮಗಳ ಪಕ್ಕ ಕೂತರು. ರಸ್ತೆಯ ಮೇಲೆ ಎಣ್ಣೆ ಚೆಲ್ಲಿತ್ತಂತೆ ಎಂದು ಯಾರೋ ಹೇಳಿದ್ದರು. ಅತ್ತೆ ಅದನ್ನೇ ಬಂದವರಿಗೆಲ್ಲ ಹೇಳಿದರು. "ಅಳಿಯಂದ್ರು ಏನು ಮಾಡ್ತಾರೆ ಪಾಪ, ನಮ್ಮ ಗ್ರಹಚಾರ." ಅಳಿಯಂದಿರು ತಲೆ ತಗ್ಗಿಸಿ ಕೂತಿದ್ದರು.

ಅತ್ತೆ ಬಿಸಿನೀರು ತರಲು ಹೋದಾಗ ಹೆಂಡತಿ ಕಣ್ಣು ಬಿಟ್ಟಳು.

"ಎಣ್ಣೆ ಇರ್ಲಿಲ್ಲ. ನಾನು ನೋಡ್ತಾನೇ ಇದ್ದೆ. ಕಾಲ್ಯಾಕ್ರೀ ಊರ್ಲಿಲ್ಲ?"

ಅವನ ಬಾಯಿಂದ ಹೊರಟದ್ದು ಒಂದೇ ಮಾತು. "ಬರ್ಲಿಲ್ಲ."

ಅವಳು ಗೋಡೆಯ ಕಡೆ ತಿರುಗಿದಳು. ಆಮೇಲೆ ಆ ಪ್ರಶ್ನೆ ಮತ್ತೆ ಕೇಳಲಿಲ್ಲ. ಕೇಳಿ, ಬೈದು, ಕಪಾಳಕ್ಕೆ ಬಾರಿಸಿದ್ದರೆ ಚೆನ್ನಾಗಿರುತ್ತಿತ್ತು ಅಂತ ಅವನಿಗೆ ಎಷ್ಟೋ ಸಲ ಅನ್ನಿಸಿತು.

ಮನೆಗೆ ಬಂದ ಮೇಲೆ ಅವನು ಹೊಲಿಗೆ ಮಿಷನ್ನಿಗೆ ಮೋಟರು ಹಾಕಿಸಿದ. ಬಲಗಾಲಲ್ಲಿ ಒತ್ತಿದರೆ ಸಾಕು, ಓಡುತ್ತದೆ. "ನನ್ನ ಕೈಗಿಂತ ಜೋರಾಗಿ ಓಡುತ್ತೆ" ಎಂದಷ್ಟೇ ಹೇಳಿ ಅವಳು ಕೆಲಸಕ್ಕೆ ಕೂತಳು. ಅವನು ಬೆಳಿಗ್ಗೆ ಬೆಳಿಗ್ಗೆ ಓಣಿಯಲ್ಲಿ ಹಳೆಯ ಬೈಕು ಓಡಿಸಿ, ನಿಲ್ಲಿಸಿ, ಕಾಲಿಗೆ ಪಾಠ ಹೇಳಿದ. ಒಮ್ಮೆ ಬರುತ್ತಿತ್ತು, ಒಮ್ಮೆ ಬರುತ್ತಿರಲಿಲ್ಲ. ಹಾಗೆ ಒಮ್ಮೆ ಬಿದ್ದು ಎದ್ದವನು ತಲೆಯೆತ್ತಿದಾಗ ಅವಳು ಕಿಟಕಿಯಿಂದ ನೋಡುತ್ತಿದ್ದಳು. ಅವತ್ತೇ ಬೈಕನ್ನು ಗುಜರಿಯವನಿಗೆ ಕೊಟ್ಟುಬಿಟ್ಟ. ಇಷ್ಟಾದರೂ ಕಂಪನಿ ಕೆಲಸ ಬಿಟ್ಟಿರಲಿಲ್ಲ, ಬಿಟ್ಟರೆ ಇಬ್ಬರೂ ಗಾಳಿ ಕುಡಿದು ಬದುಕಬೇಕಿತ್ತು.

ಗಾಡಿ ಮಾರಾಟಕ್ಕೆ ಸಿದ್ಧವಾಯಿತು. ಒಂದು ಮಧ್ಯಾಹ್ನ ಮೇಡಂ ಮನೆಗೆ ಬಂದು ಸ್ಟೂಲಿನ ಮೇಲೆ ಕೂತಳು. ಗೋಡೆಗೊರಗಿಸಿದ್ದ ಊರುಗೋಲಿನ ಕಡೆ ಅವಳ ಕಣ್ಣು ಹೋಗಲಿಲ್ಲ.

"ದೊಡ್ಡವ್ರು ಕಳಿಸಿದ್ದಾರೆ ಅಣ್ಣಾ. ಬಿಡುಗಡೆ ದಿನ ನೀವಿಬ್ರೂ ಒಂದು ಸುತ್ತು ಬಂದು, ಜನರ ಮುಂದೆ ಕಾಲೆತ್ತಿಕೊಂಡು ನಿಂತ್ರೆ ಸಾಕಂತೆ. ಈ ಗಾಡಿ ಇದ್ದಿದ್ರೆ ಹಾಗಾಗ್ತಿರ್ಲಿಲ್ಲ ಅಂತ ಹೇಳ್ತಾರೆ. ಆಮೇಲೆ ಗಾಡಿ ನಿಮಗೇ."

"ಬೇಡ ಮೇಡಂ" ಎಂದ ಕೊಕ್ಕರೆ.

"ಬರ್ತೀವಿ" ಎಂದಳು ಹೆಂಡತಿ.

ಮೇಡಂ ಹೋದ ಮೇಲೆ ಅವನು ಹೆಂಡತಿಯ ಮುಖ ನೋಡಿದ. ಅವಳು ಸೂಜಿಗೆ ದಾರ ಪೋಣಿಸುತ್ತ ಹೇಳಿದಳು: "ಎಷ್ಟು ದಿನ ಅಂತ ಬಸ್ಸಲ್ಲಿ ಒದ್ದಾಡ್ಲಿ? ನಿಮ್ಮ ಕಾಲನ್ನಂತೂ ನಾನು ನಂಬಲ್ಲ. ಆ ಬುಗುರೀನ ನಂಬ್ತೀನಿ." ಮಾತು ನೆಟ್ಟಗೆ ಎದೆಗೇ ಬಂದು ನಾಟಿತು. ಆದರೂ ಅವಳು ಮತ್ತೆ ತನ್ನ ಹಿಂದೆ ಕೂರುತ್ತಾಳಲ್ಲ ಎಂಬ ಆಸೆಯೊಂದು, ನಾಚಿಕೆಗೆಟ್ಟು, ಅವನೊಳಗೆ ಎದ್ದು ಕೂತಿತು.

ಬಿಡುಗಡೆಯ ದಿನ ಸಭಾಂಗಣದ ನೆಲ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಕೊಕ್ಕರೆ ಆ ಗುಂಡಿಯಿದ್ದ ಕೆಲಸದ ಶೂಗಳನ್ನೇ ಹಾಕಿದ್ದ. ಊರುಗೋಲನ್ನು ಮೇಡಂ ಕೈಗೆ ಕೊಟ್ಟು ಹೆಂಡತಿ ಹಿಂದೆ ಕೂತಳು, ಅವನ ಸೊಂಟ ಹಿಡಿದಳು. ಆ ಕೈ ಅಲ್ಲಿಗೆ ಬಂದು ವರ್ಷ ಕಳೆದಿತ್ತು. ಒಂದು ಸುತ್ತು ಬಂದು, ಜನರೆದುರು ಬಿಳಿ ಬಣ್ಣದಲ್ಲಿ ಬರೆದ ವೃತ್ತದ ನಡುವೆ ಗಾಡಿ ನಿಂತಿತು. ಸೀಟಿನ ಕೆಳಗೆ ಚಕ್ರಗಳು ಸಣ್ಣಗೆ ಕೀರಲು ದನಿ ತೆಗೆದಿದ್ದವು. ಗಾಡಿ ಎಳ್ಳಷ್ಟೂ ಅಲುಗಲಿಲ್ಲ.

"ಅವರ ಕಾಲು ನೋಡಿ, ಕಾಲು ನೋಡಿ" ಎಂದ ಮೈಕಿನವನು.

ಅಷ್ಟರಲ್ಲಿ ಅವಳು ಕೂತಲ್ಲೇ ಒಂಚೂರು ಎಡಕ್ಕೆ ಸರಿದಳು. ಗಾಡಿಗೆ ಅದು ಲೆಕ್ಕಕ್ಕೇ ಇರಲಿಲ್ಲ. ಆದರೆ ಕೊಕ್ಕರೆಯ ಎಡಗಾಲು ಫುಟ್‌ರೆಸ್ಟು ಬಿಟ್ಟು ಹೊಳೆಯುವ ನೆಲಕ್ಕೆ ಬಡಿದು, ಕಂಬ ನೆಟ್ಟ ಹಾಗೆ ನಿಂತಿತು. ಶೂ ಕೀಂ ಎಂದು ಕೂಗತೊಡಗಿತು.

ಯಾರೋ ನಕ್ಕರು. ಮುಂದಿನ ಸಾಲಿನ ದೊಡ್ಡವರ ಮುಖ ಕಪ್ಪಿಟ್ಟಿತು. ಓಡಿಸುವವನಿಗೇ ನಂಬಿಕೆಯಿಲ್ಲದ ಗಾಡಿಯನ್ನು ಯಾರು ಕೊಳ್ಳುತ್ತಾರೆ? ಮೈಕಿನವನು ಮೈಕಿಗೆ ಕೈ ಅಡ್ಡ ಹಿಡಿದು "ಕಾಲೆತ್ತಿ, ಕಾಲೆತ್ತಿ" ಎಂದು ಹಲ್ಲು ಕಚ್ಚಿದ. ಗಾಡಿ ಹೋಯಿತು, ಕೆಲಸವೂ ಹೋಯಿತು ಎಂದು ಕೊಕ್ಕರೆಗೆ ಗೊತ್ತಾಯಿತು. ಎತ್ತಬೇಕೆಂದುಕೊಂಡ. ಕಾಲು ಮೇಲೇಳಲಿಲ್ಲ.

ಹೆಂಡತಿ ಅವನ ತೋಳಿನ ಪಕ್ಕದಿಂದ ಬಗ್ಗಿ ಆ ಕಾಲನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಅವನ ಕಿವಿಯ ಹತ್ತಿರ, ಸಿಟ್ಟಿಲ್ಲದೆ, ಮಲಗಿದವರನ್ನು ಎಬ್ಬಿಸುವಷ್ಟು ಮೆತ್ತಗೆ ಕೇಳಿದಳು:

"ಈಗ ಬಂತೇನ್ರೀ?"